ಎರಡೂವರೆ ಗೆರೆ

ಹೊಸಪೇಟೆ
೧೦ ನವೆಂಬರ್ ೨೦೨೫

ಮಾರೇಶ್,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ. ನನ್ನ ಮೊಮ್ಮಗಳ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಇಂದಿಗೆ ಮೂವತ್ತಮೂರು ದಿನ. ಇಷ್ಟು ದಿನದಲ್ಲಿ ನೀನು ಹನ್ನೊಂದು ಸಲ ಅವಳನ್ನು ನೋಡಲು ಬಂದೆಯೆಂದು ಸೊಸೆ ರಮಾ ಹೇಳಿದಳು. ಹನ್ನೊಂದು ಸಲವೂ ನಾನು ಇಲ್ಲದ ಹೊತ್ತು ನೋಡಿ ಬಂದೆ. ಅದರ ಅರ್ಥ ತಿಳಿಯದಷ್ಟು ದಡ್ಡನಲ್ಲ ನಾನು.

ಫೋನ್ ಮಾಡಬೇಡ. ಮೂವತ್ತೈದು ವರ್ಷ ಗ್ರೈಂಡರ್ ಸದ್ದಿನಲ್ಲಿ ನಿಂತ ಕಿವಿಗಳಿವು. ಬಲಗಿವಿಯ ಹತ್ತಿರ ಬಾಯಿ ತಂದು ಕೂಗಿದರೆ ಅಷ್ಟಿಷ್ಟು ಕೇಳುತ್ತದೆ, ಫೋನಿನಲ್ಲಿ ಏನೂ ಇಲ್ಲ. ಬರೆದು ಉತ್ತರಿಸು. ಬರೆದದ್ದು ಉಳಿಯುತ್ತದೆ.

ನಮ್ಮ ಸೀಮೆಯಲ್ಲಿ ಯಾವುದು ಮುರಿದರೂ ತಾನಾಗಿಯೇ ಮುರಿಯಿತು ಎನ್ನುತ್ತಾರೆ. ಅದಿರಿನ ಕಾಲದಲ್ಲಿ ಸಂಡೂರಿನ ರಸ್ತೆಯಲ್ಲಿ ವಾರಕ್ಕೊಂದು ಲಾರಿ ಮಗುಚಿ ಬೀಳುತ್ತಿತ್ತು. ಎರಡರಷ್ಟು ಹೇರು ಹೊತ್ತ ಚಾಸಿಗೆ ಯಾರ ಕೈಯ ಬೆಸುಗೆ ಇತ್ತು ಎಂದು ಯಾರೂ ಕೇಳಲಿಲ್ಲ. ಹೋದ ವರ್ಷ ಆಗಸ್ಟಿನಲ್ಲಿ ನಮ್ಮ ಅಣೆಕಟ್ಟೆಯ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಊರಿಗೆ ಊರೇ ನೀರು ನೋಡಲು ಮೊಬೈಲ್ ಹಿಡಿದು ಓಡಿತು. ನಾನು ಪತ್ರಿಕೆಗೆ ಒಂದು ಸಾಲು ಬರೆದೆ: ಆ ಕೊಂಡಿಯನ್ನು ಕೊನೆಗೆ ಮುಟ್ಟಿ ನೋಡಿದ ಕೈ ಯಾವುದು? ಅವರು ಅಚ್ಚು ಹಾಕಲಿಲ್ಲ. ಈಗ ಅದೇ ಪ್ರಶ್ನೆಯನ್ನು ನಿನಗೆ ಕೇಳುತ್ತಿದ್ದೇನೆ. ನೀನು ತಪ್ಪಿಸಿಕೊಳ್ಳುವಂತಿಲ್ಲ, ಯಾಕೆಂದರೆ ನೀನು ನನ್ನ ಐಟಿಐ ವಿದ್ಯಾರ್ಥಿ.

೧೯೯೪ರಲ್ಲಿ ಮೊದಲನೆಯ ವಾರವೇ ನಿಮಗೆಲ್ಲ ಹೇಳಿಕೊಟ್ಟದ್ದು ನೆನಪಿದೆಯೇ? ಎರಡು ಪೈಪನ್ನು ಜೋಡಿಸಿ, ದರ್ಜಿ ಗುಂಡುಸೂಜಿ ಚುಚ್ಚಿಟ್ಟ ಹಾಗೆ ನಾಲ್ಕು ಚುಕ್ಕೆ ಬೆಸುಗೆ ಹಾಕುವುದು ಟಾಕಾ. ಟಾಕಾ ಆಗಿದ್ದರೆ ಚಾಕಿನಿಂದ ಒಂದು ಗೆರೆ. ಸುತ್ತಲೂ ಒಂದು ವರಸೆ ಬೆಸುಗೆ ಓಡಿದ್ದರೆ ಎರಡು. ಪೂರ್ತಿ ತುಂಬಿ, ಸುತ್ತಿಗೆಯಿಂದ ಬಡಿದು ಸದ್ದು ಕೇಳಿದ ಮೇಲೆ ಮೂರು. ಜಾಯಿಂಟು ಬಿಸಿ ಇರುತ್ತದೆ, ಅದಕ್ಕೇ ಒಂದು ಗೇಣು ಈಚೆಗೆ, ಪೈಪಿನ ಮೇಲೆ. ನಾಳೆ ನೀನು ಬರದೆ ಹೋದರೂ ನಿನ್ನ ಕೆಲಸ ಎಲ್ಲಿಗೆ ನಿಂತಿದೆ ಎಂಬುದು ಮುಂದಿನವನಿಗೆ ತಿಳಿಯಬೇಕು. ಯಶವಂತನಗರದ ನಿನ್ನ ಅಂಗಡಿಯಲ್ಲಿ ಇವತ್ತಿಗೂ ಇದೇ ಪದ್ಧತಿ ಎಂದು ಹೋದವರಿಗೆಲ್ಲ ಹೇಳುತ್ತಿದ್ದವನು ನಾನು.

ಆಯುಧ ಪೂಜೆಯ ದಿನ ಮೊಮ್ಮಗಳು ಐಶ್ವರ್ಯ ನನ್ನನ್ನು ಅಲ್ಲಿಗೆ ಕರೆದೊಯ್ದಳು. ನಿನ್ನ ಹೆಂಡತಿ ಗಂಗಾ ಅವಳ ರೇಸ್ ಕಾರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಚೆಂಡುಹೂವು ಕಟ್ಟಿದ್ದಳು. ವಿಭೂತಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟವನು ನೀನು. "ನೋಡ್ರಿ, ನಮ್ಮ ಸರ್ ವಿಭೂತಿ ಎರಡೂವರಿ ಗೆರಿ," ಎಂದು ಎಲ್ಲರನ್ನೂ ನಗಿಸಿದವನೂ ನೀನೇ. ನನ್ನ ನಡುಬೆರಳಿನ ತುದಿಯನ್ನು ತಗಡು ಕತ್ತರಿಸುವ ಯಂತ್ರ ತಿಂದ ದಿನ ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದ ಹುಡುಗ ನೀನು, ಆ ಮಾತಾಡುವ ಹಕ್ಕು ನಿನಗಿತ್ತು. ನಾನೂ ನಕ್ಕೆ. ಐಶ್ವರ್ಯ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಳು. ತಲೆಯ ಹಿಂದಿನ ಕಮಾನು, ಬದಿಯ ಪೈಪು, ಎಲ್ಲವನ್ನೂ ಮುಟ್ಟಿದೆ. ಬಾಗಿನಲ್ಲಿ ಒಂದು ಸುಕ್ಕಿಲ್ಲ. ನನ್ನ ಶಿಷ್ಯ ಸೀಟಿನ ಸುತ್ತ ಪೈಪಿನ ಪಂಜರ ಕಟ್ಟಿದ್ದಾನೆ, ನನ್ನ ಮೊಮ್ಮಗಳು ಅದರೊಳಗೆ ಕೂರುತ್ತಾಳೆ, ಇನ್ನೇನು ಭಯ ಎಂದುಕೊಂಡೆ.

ನಾಲ್ಕು ದಿನಕ್ಕೆ, ರೇಸಿನ ದಿನ, ರಾಜ್ಯದ ಗಡಿಯಾಚೆಯ ಆ ಹಳೆ ಏರ್‌ಸ್ಟ್ರಿಪ್‌ನಲ್ಲಿ ಕಾರು ಗೋಡೆಗೆ ಹೊಡೆಯಿತು. ಪಂಜರ ನಿಂತಿತು, ಅವಳ ತಲೆಗೆ ಒಂದು ಗೀರೂ ಇಲ್ಲ. ಮುಂದಿನ ಪೈಪು ನಿಲ್ಲಲಿಲ್ಲ. ಎಂಜಿನ್ನಿಗೂ ಕಾಲಿಗೂ ನಡುವಿನ ತಗಡಿನ ಹತ್ತಿರ ಅದು ಪಂಜರಕ್ಕೆ ಕೂಡುವ ಜಾಯಿಂಟು ಹಿಡಿದಿದ್ದರೆ ಪೆಟ್ಟು ಪಂಜರಕ್ಕೆ ಹೋಗುತ್ತಿತ್ತು. ಅದು ಬಿಟ್ಟಿತು. ಪೈಪು ತಗಡಿನ ತೂತಿನಲ್ಲಿ ಜಾರಿ ಒಳಗೆ, ಅವಳ ಕಾಲಿಗೆ ಬಂತು. ಅಲ್ಲಿ ಬರೀ ಟಾಕಾ ಇತ್ತು ಎಂದು ಕಾರನ್ನು ನೋಡಿದವರು ಹೇಳಿದರು.

ಮೂರು ಪ್ರಶ್ನೆ. ಒಂದು, ಆ ಟಾಕಾ ಹಾಕಿದವರು ಯಾರು? ಎರಡು, ಕೆಲಸ ಆಗಿದೆ ಎಂದು ಒಪ್ಪಿದವರು ಯಾರು? ಮೂರು, ಅದನ್ನು ಕೊನೆಗೆ ಮುಟ್ಟಿದ ಕೈ ಯಾವುದು?

ಜಾಯಿಂಟನ್ನು ಪೈಪಿನ ಸಮೇತ ಕತ್ತರಿಸಿ ಕಳಿಸು. ಅದನ್ನು ನೋಡಿದರೆ ಉಳಿದದ್ದನ್ನು ನಾನೇ ಓದಿಕೊಳ್ಳುತ್ತೇನೆ.

ನಿನಗೆ ಬೆಸುಗೆ ಕಲಿಸಿದವನು,
ಕೊಟ್ರಯ್ಯ


ಯಶವಂತನಗರ
೨೪ ನವೆಂಬರ್ ೨೦೨೫

ಗುರುಗಳಿಗೆ ಮಾರೇಶನ ಶರಣು.

ಪತ್ರ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದೆ. ಗಂಗಾ ಬೈದಳು. "ಹೂಂ ಅನ್ನೂದಾದ್ರ ಹೂಂ ಅಂತ ಬರೀರಿ, ಹಿಂಗ ಪೆನ್ನು ಕಚಗೊಂಡು ಕುಂತ್ರ ಏನ್ ಬಂತು," ಅಂದಳು. ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ನಿಮಗೆ ಗೊತ್ತು, ತಪ್ಪಿದ್ದರೆ ತಿದ್ದಿಕೊಳ್ಳಿ.

ಪಂಜರದ ಕೆಲಸ ನಾನೇ ಮಾಡಿದ್ದು ಸರ್. ಹೊಲಿಗೆ ಇಲ್ಲದ ಸೀಮ್‌ಲೆಸ್ ಪೈಪು ಬರುವ ತನಕ ಎರಡು ತಿಂಗಳು ಕಾದೆ. ನೀರಿನ ಪೈಪಿನಲ್ಲಿ ಮಾಡಿಕೊಡುವವರು ಇದ್ದರು. ಉದ್ದಕ್ಕೆ ಹೊಲಿಗೆ ಇರುವ ಪೈಪು ಪೆಟ್ಟು ಬಿದ್ದರೆ ಹೊಲಿಗೆಯಲ್ಲೇ ಸೀಳುತ್ತದೆ ಎಂದು ನೀವು ಹೇಳಿದ್ದಿರಿ, ಅದಕ್ಕೆ ನಾನು ಒಪ್ಪಲಿಲ್ಲ. ಒಂದೊಂದು ಜಾಯಿಂಟನ್ನೂ ನೋಡಿಯೇ ಮೂರು ಗೆರೆ ಎಳೆದಿದ್ದೆ.

ಮುಂದಿನ ಎರಡು ಪೈಪು ಮೊದಲಿನ ಲೆಕ್ಕದಲ್ಲಿ ಇರಲಿಲ್ಲ. ಪೂಜೆಗೆ ಮೂರು ದಿನ ಇರುವಾಗ ಐಶ್ವರ್ಯ ಕಾರು ಓಡಿಸಿ ನೋಡಿ ಬಂದಳು. "ಮಾಮಾ, ಕಾರು ಬಿಟ್ಟ ಕೂಡ್ಲೆ ಮೂಗು ಎತ್ತಿ ಬಲಕ್ಕ ಹೊಳ್ಳತೈತಿ. ಹಿಂದ ನಿಮ್ಮ ಪಂಜರ ಬಂಡಿ ಹಂಗ ಗಟ್ಟಿ, ಮುಂದ ಹಸಿ ರೊಟ್ಟಿ ಐತಿ," ಅಂದಳು. ಅವಳು ಹೇಳಿದ್ದು ಖರೆ ಇತ್ತು. ಅಷ್ಟು ಶಕ್ತಿಯ ಎಂಜಿನ್ ಒಮ್ಮೆಲೇ ಎಳೆದರೆ ಹಳೇ ಚಾಸಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತದೆ. ಪಂಜರದಿಂದ ಮುಂದಿನ ಚಕ್ರದ ತನಕ ಎರಡು ಪೈಪು ಕೊಟ್ಟರೆ ನಿಲ್ಲುತ್ತದೆ ಎಂದು ಅಂಗಡಿಯ ಕೆಲಸದ ಎರ್ರೆಪ್ಪನಿಗೆ ಹಚ್ಚಿದೆ. ಪೂಜೆಯ ಹಿಂದಿನ ದಿನ ಅವನು ಟಾಕಾ ಹಾಕುವಾಗ ಕಂಪ್ಲಿಯಿಂದ ಅವನ ತಾಯಿ ತೀರಿಕೊಂಡ ಸುದ್ದಿ ಬಂತು. ನಾನು ಕುಂಬಳಕಾಯಿ, ಹೂವು ತರಲು ಸಂಡೂರಿಗೆ ಹೋಗಿದ್ದೆ. ಬರುವುದರೊಳಗೆ ಅವನು ಹೊರಟು ಹೋಗಿದ್ದ.

ಮರುದಿನ ಪೂಜೆ, ಆಮೇಲೆ ದಶಮಿ. ಎರಡು ದಿನ ಮೆಷಿನ್ ಮುಟ್ಟಲಿಲ್ಲ. ಶುಕ್ರವಾರ ಕೂತೆ. ಗಂಗಾ ಒರೆಸಿ ಗೆರೆಗಳೆಲ್ಲ ಹೋಗಿದ್ದವು, ಅದಕ್ಕೆ ಎಲ್ಲಾ ಜಾಯಿಂಟನ್ನೂ ಮತ್ತೊಮ್ಮೆ ಬಡಿದು ನೋಡಿದೆ. ಎಡಗಡೆ ಮುಂದಿನ ಪೈಪು ಟಾಕಾ ಮೇಲಿತ್ತು, ನಾನೇ ತುಂಬಿದೆ. ಬಲಗಡೆಯದು ಪೆಡಲಿನ ಹಿಂದೆ ಇದೆ, ಕನ್ನಡಿ ಹಿಡಿಯದೆ ಕಾಣುವುದಿಲ್ಲ. ಅದು ಆಗಿದೆ ಅಂದುಕೊಂಡೆ. ಬಡಿದು ನೋಡಲಿಲ್ಲ.

ಯಾಕೆ ಅಂದುಕೊಂಡೆ ಎಂದು ಕೇಳಬೇಡಿ ಸರ್. ಅಂದುಕೊಂಡೆ, ಅಷ್ಟೇ. ಎರಡನೆಯ ಪ್ರಶ್ನೆಗೂ ಮೂರನೆಯದಕ್ಕೂ ನನ್ನ ಹೆಸರೇ ಬರೆದುಕೊಳ್ಳಿ.

ಜಾಯಿಂಟಿನ ವಿಷಯ ಆಮೇಲೆ ನೋಡೋಣ. ಈಗ ಬೇಡ.

ನಿಮ್ಮ,
ಮಾರೇಶ್


ಹೊಸಪೇಟೆ
೮ ಡಿಸೆಂಬರ್ ೨೦೨೫

ಮಾರೇಶ್,

"ಅಂದುಕೊಂಡೆ, ಅಷ್ಟೇ" ಎಂಬುದು ಉತ್ತರವಲ್ಲ. ನನ್ನ ಪ್ರಶ್ನೆಗಳಿಗೆ ಹೀಗೆ ಬರೆದು ಕೈತೊಳೆದುಕೊಂಡವರ ಕಾಗದಗಳನ್ನು ಮೂವತ್ತು ವರ್ಷದಿಂದ ಕಡತದಲ್ಲಿ ಹಾಕಿಟ್ಟಿದ್ದೇನೆ. ಆ ಕಡತದಲ್ಲಿ ನಿನ್ನ ಅಕ್ಷರವೂ ಸೇರುತ್ತದೆ ಎಂದು ತಿಳಿದಿರಲಿಲ್ಲ.

ಮೊನ್ನೆ ಕಂಪ್ಲಿಗೆ ಹೋಗಿದ್ದೆ. ಎರ್ರೆಪ್ಪನ ಮನೆ ಹುಡುಕಲು ಬಿಸಿಲಲ್ಲಿ ಒಂದು ಗಂಟೆ ಅಲೆದೆ. ಅವನು ಈಗ ಭತ್ತದ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದಾನೆ, ಬೆಸುಗೆಯ ಕೆಲಸಕ್ಕೆ ಹೋಗುವುದಿಲ್ಲವಂತೆ. ನನ್ನನ್ನು ನೋಡಿ ತಲೆಯ ಮೇಲಿನ ಚೀಲ ಇಳಿಸಿ ಗೋಡೆಗೆ ಒರಗಿ ನಿಂತ. ಅವನ ಹೆಂಡತಿ ಭರಮಮ್ಮ ಬುತ್ತಿ ತಂದಿದ್ದಳು. ಅವಳೇ ಮೊದಲು ಬಾಯಿ ತೆರೆದಳು.

"ಕುಂದ್ರಿ ಅಯ್ಯನೋರ. ಏನ್ ಕೇಳೂದಿದ್ರೂ ಉಂಡ ಮ್ಯಾಲೆ ಕೇಳ್ರಿ. ಇವ್ರು ಎರಡು ತಿಂಗಳಾತು, ಯಾರರ ಬಂದ್ರ ಉಣ್ಣೂದು ಬಿಡತಾರ."

ನಾನು ಕಾದೆ. ಆಮೇಲೆ ಅವನು ನನ್ನ ಬಲಗಿವಿಗೆ ಬಾಯಿ ಹಚ್ಚಿ ಹೇಳಿದ. "ಎರಡೂ ಕಡಿ ಟಾಕಾ ಹಾಕಿದ್ನಿರಿ. ಒಂದೊಂದ ಗೆರಿ ಎಳದೆ. ಅಷ್ಟರಾಗ ಅವ್ವ ಹೋದ್ಲು ಅಂತ ಫೋನ್ ಬಂತು. ಹೋಲ್ಡರ್ ಕೆಳಗಿಟ್ಟು ಹಂಗ ಬಂದೀನಿ."

"ಬಲಗಡೆಯದಕ್ಕೂ ಒಂದೇ ಗೆರೆಯೇ?"

"ಒಂದ ರೀ. ಅವ್ವನ ಆಣಿ."

"ಮಾರೇಶ್ ಕೇಳಲಿಲ್ಲವೇ ನಿನ್ನನ್ನು?"

"ಶುಕ್ರಾರ ಫೋನ್ ಮಾಡಿದ್ರಂತ. ಮೂರ್ ದಿನದ ಕಾರ್ಯಕ್ಕ ಸುಡಗಾಡಿಗೆ ಹೋಗಿದ್ವಿ, ಫೋನ್ ಮನ್ಯಾಗಿತ್ತು. ಆಕ್ಸಿಡೆಂಟ್ ಆದ ಮ್ಯಾಲೆ ಒಮ್ಮಿ ಕೇಳಿದ್ರು. ಎರ್ರೆಪ್ಪ, ಅಲ್ಲಿ ಮೂರು ಗೆರಿ ಇದ್ವಲ್ಲೋ, ನೀ ಎಳದಿದ್ಯಾ ಅಂದ್ರು. ಇಲ್ಲಣ್ಣ, ನಂದು ಒಂದ ಅಂದೆ. ಒಂದ ಏನೋ ಅಂತ ಮತ್ತೊಮ್ಮಿ ಕೇಳಿದ್ರು. ಆತು ಬಿಡು, ನೀ ಯಾರ ಮುಂದೂ ಹೇಳಬ್ಯಾಡ ಅಂದು ಫೋನ್ ಇಟ್ರು."

ಬಸ್ಸಿನಲ್ಲಿ ಬರುವಾಗ ಇದನ್ನೇ ತಿರುವಿ ಹಾಕಿದೆ. ಎರ್ರೆಪ್ಪ ಎಳೆದದ್ದು ಒಂದು ಗೆರೆ, ಅದನ್ನೂ ಗಂಗಾ ಒರೆಸಿದಳು. ಶುಕ್ರವಾರ ಅಲ್ಲಿ ಮೂರು ಗೆರೆ ಇದ್ದವು. ಗೆರೆ ತಾನಾಗಿ ಹುಟ್ಟುವುದಿಲ್ಲ. ಭಾನುವಾರದ ರೇಸಿಗೆ ಕಾರು ಹೊರಡಬೇಕು, ಪೆಡಲ್ ಬಿಚ್ಚಿ ಬೆಸುಗೆ ಮಾಡಲು ಅರ್ಧ ದಿನ ಬೇಕು, ಯಾರೋ ಚಾಕ್ ತೆಗೆದುಕೊಂಡು ಮೂರು ಗೆರೆ ಎಳೆದರು. ಅದನ್ನು ಅಜಾಗರೂಕತೆ ಎನ್ನುವುದಿಲ್ಲ, ಮೋಸ ಎನ್ನುತ್ತಾರೆ. ಆ ಮನುಷ್ಯ ಯಾರೆಂದು ನಿನಗೆ ಗೊತ್ತಿದೆ, ಅವನನ್ನು ಕಾಯುತ್ತಿದ್ದೀಯ.

ಹದಿನೈದು ದಿನ ಕೊಡುತ್ತೇನೆ. ಹೆಸರು ಬರೆದು ಕಳಿಸು. ಇಲ್ಲದಿದ್ದರೆ ಠಾಣೆಗೆ ಹೋಗುತ್ತೇನೆ. ಜಾಯಿಂಟೂ ಬೇಕು.

ಕೊಟ್ರಯ್ಯ


ಯಶವಂತನಗರ
೨೦ ಡಿಸೆಂಬರ್ ೨೦೨೫

ಗುರುಗಳಿಗೆ,

ಗೆರೆ ನಾನೇ ಎಳೆದೆ. ರೇಸಿಗೆ ತಡವಾಗುತ್ತದೆ ಎಂದು ಎಳೆದೆ. ಬೇರೆ ಯಾರ ಹೆಸರೂ ಇಲ್ಲ. ಗಂಗಾಗೂ ಎರ್ರೆಪ್ಪನಿಗೂ ಇದರಲ್ಲಿ ಸಂಬಂಧವಿಲ್ಲ.

ಜಾಯಿಂಟು ಗುಜರಿಗೆ ಹೋಯಿತು. ಹುಡುಕಬೇಡಿ.

ಅಂಗಡಿಯ ಶಟರ್ ಇಳಿಸಿದ್ದೇನೆ. ನಿಮಗೆ ಸರಿ ಕಂಡದ್ದು ಮಾಡಿ. ಬಿಸಿಲಲ್ಲಿ ಕಂಪ್ಲಿಗೆಲ್ಲ ಓಡಾಡಬೇಡಿ ಸರ್.

ಮಾರೇಶ್


ಹೊಸಪೇಟೆ
೨ ಜನವರಿ ೨೦೨೬

ಮಾರೇಶ್,

ಇವತ್ತು ದೂರು ಕೊಟ್ಟೆ. ನಿನ್ನ ಡಿಸೆಂಬರ್ ಇಪ್ಪತ್ತರ ಕಾಗದವನ್ನು ಅದಕ್ಕೆ ಲಗತ್ತಿಸಿದ್ದೇನೆ. ಪ್ರತಿ ಇದರೊಳಗಿದೆ.

ಬರೆಯುವ ಮೊದಲು ಒಂದು ವಾರ ಸುಮ್ಮನೆ ಕೂತಿದ್ದೆ. ೨೦೦೯ರಲ್ಲಿ ಒಬ್ಬ ಲಾರಿ ಮಾಲೀಕ ಬಿರುಕು ಬಿಟ್ಟ ಚಾಸಿ ತಂದು ಮೇಲೆ ಪಟ್ಟಿ ಹೊಡೆದು ಕೊಡು ಎಂದಾಗ ನೀನು ಒಲ್ಲೆ ಎಂದೆ. ಆರು ತಿಂಗಳು ನಿನ್ನ ಅಂಗಡಿಗೆ ಒಂದು ಲಾರಿಯೂ ಬರಲಿಲ್ಲ. ನೀನು ಜಳಕದ ಮನೆಯ ಬಾಗಿಲು, ಎತ್ತಿನ ಗಾಡಿಯ ಪಟ್ಟಾ ಮಾಡಿಕೊಂಡು ದಿನ ನೂಕಿದೆ. ಅದನ್ನು ನಾನು ಮುಂದಿನ ಬ್ಯಾಚುಗಳಿಗೆ ಪಾಠದಂತೆ ಹೇಳಿದ್ದೇನೆ. ಆ ಮನುಷ್ಯ ಚಾಕಿನಿಂದ ಸುಳ್ಳು ಬರೆದ ಎಂದು ನಂಬಲು ನನಗೆ ಏಳು ದಿನ ಬೇಕಾಯಿತು. ನಂಬಿದೆ. ನಿನ್ನದೇ ಅಕ್ಷರ ಕಣ್ಣ ಮುಂದಿರುವಾಗ ನಂಬದೆ ಏನು ಮಾಡಲಿ?

ಐಶ್ವರ್ಯ ಊರುಗೋಲಿನಲ್ಲಿ ಅಂಗಳದ ತನಕ ಬರುತ್ತಾಳಂತೆ. ಭಾನುವಾರ ಕಡ್ಡಿರಾಂಪುರಕ್ಕೆ ಹೋಗಿದ್ದೆ. ರಮಾಳ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹುಡುಗಿ ಗೋಡೆ ನೋಡುತ್ತ ಮಲಗಿದ್ದಳು. ದೂರು ಕೊಡುತ್ತೇನೆ ಎಂದೆ. ತಿರುಗಿ ನೋಡಲಿಲ್ಲ. ರಮಾ ನನಗೆ ಇಡ್ಲಿ ತಂದಿಟ್ಟು ಅಲ್ಲಿಯೇ ನಿಂತಳು, ಏನೋ ಹೇಳಬೇಕೆಂಬಂತೆ. ಆಮೇಲೆ ಚಟ್ನಿ ಬಡಿಸಿ ಒಳಗೆ ಹೋದಳು. ಈ ಮನೆಯಲ್ಲಿ ಈಗ ನಾನೊಬ್ಬನೇ ಕಿವುಡನಲ್ಲ ಎನಿಸಿತು.

ಇನ್ನು ನನಗೆ ಬರೆಯಬೇಡ. ಶಿಷ್ಯ ಎಂದು ಯಾರ ಮುಂದೆಯೂ ಹೇಳಿಕೊಳ್ಳಬೇಡ.

ಕೊಟ್ರಯ್ಯ


ಕಡ್ಡಿರಾಂಪುರ
೧೮ ಫೆಬ್ರವರಿ ೨೦೨೬

ತಾತ,

ಅಮ್ಮ ಕೂಗಿ ಹೇಳಿದರೆ ಅರ್ಧ ಕೇಳುತ್ತದೆ ನಿಮಗೆ, ಉಳಿದರ್ಧ ನೀವೇ ತುಂಬಿಕೊಳ್ಳುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ.

ಮಾರೇಶ್ ಮಾಮಾನನ್ನು ಮೂರು ಸಲ ಠಾಣೆಗೆ ಕರೆಸಿದರು. ಪೇಪರಿನಲ್ಲಿ ಹೆಸರು ಬಂತು. ಅವರು ವೆಲ್ಡಿಂಗ್ ಬಿಟ್ಟು ಕೊಪ್ಪಳದ ಕಡೆ ಎಲ್ಲೋ ಕೂಲಿಗೆ ಹೋಗಿದ್ದಾರೆ. ಗಂಗಕ್ಕ ಒಬ್ಬಳೇ ಇದ್ದಾಳೆ. ಇದನ್ನು ನಾನು ಮೊದಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಯಾಕೆಂದರೆ ಮಾಮಾ ನನ್ನಿಂದ ಮಾತು ತಗೊಂಡಿದ್ದರು. ಆಸ್ಪತ್ರೆಯಲ್ಲಿ ನನ್ನ ಮಂಚದ ಪಕ್ಕ ಕೂತು, "ಆ ಮುದಿಜೀವಕ್ಕ ತಿಳಿಬಾರ್ದವ್ವ. ನಂಗ ಬೈಲಿ, ನಾ ತಡಕೊಂತೀನಿ. ಅವ್ರು ತಡಕೊಳ್ಳಾಂಗಿಲ್ಲ," ಅಂದರು. ನಾನು ಹೂಂ ಅಂದೆ. ಅಮ್ಮನೂ ಹೂಂ ಅಂದಳು. ಆಗ ನೀವು ಠಾಣೆಗೆ ಹೋಗುತ್ತೀರಿ ಎಂದು ಗೊತ್ತಿರಲಿಲ್ಲ.

ಈ ಪತ್ರದ ಜೊತೆ ಒಂದು ಪೆಟ್ಟಿಗೆ ಕಳಿಸಿದ್ದೇನೆ. ಜಾಯಿಂಟು ಗುಜರಿಗೆ ಹೋಗಿಲ್ಲ. ಮಾಮಾ ಕತ್ತರಿಸಿ ನನಗೆ ತಂದುಕೊಟ್ಟರು, ನೀನೇ ಬಿಸಾಕು, ನನ್ನ ಕೈಯಲ್ಲಿ ಆಗುವುದಿಲ್ಲ ಅಂತ. ನನ್ನ ಕೈಯಲ್ಲೂ ಆಗಲಿಲ್ಲ.

ಪೂಜೆಯ ದಿನ ನಿಮ್ಮನ್ನು ಸೀಟಿನಲ್ಲಿ ಕೂರಿಸಿದ್ದು ನೆನಪಿದೆಯಲ್ಲ. ಮಾಮಾ ಆಗ ಹೊರಗೆ ಕುಂಬಳಕಾಯಿ ಒಡೆಯುತ್ತಿದ್ದರು. ನೀವು ನನ್ನ ಕೈಯಿಂದ ವಿಭೂತಿ ಬಟ್ಟಲು ಮತ್ತೆ ಇಸಿದುಕೊಂಡು, ಕೆಳಗೆ ಬಗ್ಗಿ, ಪೆಡಲಿನ ಹತ್ತಿರ ಕೈ ಹಾಕಿದಿರಿ. ನಾನು ಮೊಬೈಲಿನ ಬೆಳಕು ಹಿಡಿದೆ. "ಎಲ್ಲಾರೂ ಸ್ಟೇರಿಂಗಿಗೆ ಹಚ್ಚತಾರ. ನನ್ನ ಮೊಮ್ಮಗಳ ಕಾಲು ಇರೂದು ಇಲ್ಲಿ," ಅಂದಿರಿ.

ನಿಮಗೆ ಬೈಯಲು ಬರೆಯುತ್ತಿಲ್ಲ. ಬೈದರೆ ನನಗೇ ಬೈದುಕೊಳ್ಳಬೇಕು, ಬೆಳಕು ಹಿಡಿದವಳು ನಾನು. ದೂರು ವಾಪಸ್ ತಗೊಳ್ರಿ ತಾತ. ಪೆಟ್ಟಿಗೆ ಬಿಚ್ಚಿದ ಮೇಲೆ ಒಬ್ಬರೇ ಇರಬೇಡಿ. ಪಕ್ಕದ ಮನೆಯ ತೋಟಪ್ಪನನ್ನು ಕರೆದುಕೊಳ್ಳಿ.

ನಿಮ್ಮ,
ಐಶ್ವರ್ಯ


ಹೊಸಪೇಟೆ
೫ ಮಾರ್ಚ್ ೨೦೨೬

ಮಾರೇಶ್,

ಬರೆಯಬೇಡ ಎಂದವನು ನಾನೇ ಬರೆಯುತ್ತಿದ್ದೇನೆ. ನಿನ್ನ ವಿಳಾಸ ಗೊತ್ತಿಲ್ಲ, ಗಂಗಾಳ ಕೈಗೆ ಕೊಡುತ್ತೇನೆ.

ಪೆಟ್ಟಿಗೆ ಕಡ್ಡಿರಾಂಪುರದ ಆಟೋದಲ್ಲಿ ಬಂತು. ತೋಟಪ್ಪನನ್ನು ಕರೆಯಲಿಲ್ಲ. ಬಾಗಿಲು ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಗೇಣಿಗಿಂತ ಸ್ವಲ್ಪ ಉದ್ದದ ಪೈಪು. ತುದಿಯಲ್ಲಿ ನಾಲ್ಕು ಟಾಕಾ ಕಿತ್ತ ಗುರುತು. ಎರ್ರೆಪ್ಪನ ಟಾಕಾ ಒಳ್ಳೆಯ ಟಾಕಾ, ಗುಂಡಗೆ, ಒಂದೇ ಅಳತೆ. ಅದರಿಂದ ಒಂದು ಗೇಣು ಈಚೆಗೆ ಮೂರು ಬಿಳಿ ಗೆರೆ. ಮೇಲಿನದು ಪೂರ್ತಿ, ಕೆಳಗಿನದು ಪೂರ್ತಿ, ನಡುವಿನದು ಅರ್ಧಕ್ಕೆ ನಿಂತಿದೆ. ಅವುಗಳ ಮೇಲೆ ನನ್ನ ಮೂರು ಬೆರಳಿಟ್ಟೆ. ಸರಿಯಾಗಿ ಕೂತವು.

ಅಷ್ಟು ಪೈಪು ಇರುವಾಗ ಅಲ್ಲಿಯೇ ಯಾಕೆ ಹಚ್ಚಿದೆ ಎಂದು ನನ್ನನ್ನು ನಾನು ಕೇಳಿಕೊಂಡೆ. ಪೂಜೆ ಮಾಡುವವರು ನಡುಮಧ್ಯೆ ಹಚ್ಚುತ್ತಾರೆ, ಇಲ್ಲವೇ ಎದುರಿಗೆ ಕಾಣುವಲ್ಲಿ. ನಾನು ಕತ್ತಲಲ್ಲಿ ತಡವಿ, ಜಾಯಿಂಟು ಎಲ್ಲಿದೆ ಎಂದು ಮುಟ್ಟಿ ನೋಡಿ, ಒಂದು ಗೇಣು ಈಚೆಗೆ ಹಚ್ಚಿದೆ. ಮೂವತ್ತೈದು ವರ್ಷ ಚಾಕ್ ಹಿಡಿದ ಕೈಗೆ ಬೇರೆ ಜಾಗ ಗೊತ್ತಿರಲಿಲ್ಲ. ಮುಟ್ಟಿದೆನಲ್ಲ, ನನ್ನ ಬೆರಳಿಗೆ ಟಾಕಾ ತಗುಲಿರಬೇಕು. ಬೆಸುಗೆ ಕಲಿಸಿದವನು ನಾನು. ಅದು ಟಾಕಾ ಎಂದು ನನ್ನ ಬೆರಳು ಹೇಳಲಿಲ್ಲ. ಆ ಹೊತ್ತು ನಾನು ಅವಳ ಕಾಲಿನ ಬಗ್ಗೆ ಯೋಚಿಸುತ್ತಿದ್ದೆ.

ಶುಕ್ರವಾರ ಬಗ್ಗಿ ನೋಡಿದ ನೀನು, ಈ ಮೂರು ಗೆರೆ ಕಂಡು, ಗಂಗಾಳ ಬಟ್ಟೆ ಅಲ್ಲಿಗೆ ತಲುಪಿಲ್ಲ, ಎರ್ರೆಪ್ಪನ ಚಾಕ್ ಹಾಗೇ ಉಳಿದಿದೆ ಅಂದುಕೊಂಡೆ. ಯಾಕೆ ಅಂದುಕೊಂಡೆ ಎಂದು ಕೇಳಬೇಡಿ ಎಂದು ನೀನು ಬರೆದ ಸಾಲನ್ನು ಈಗ ಸರಿಯಾಗಿ ಓದಿದೆ.

ಠಾಣೆಗೆ ಹೋದೆ. ಪೈಪನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅಲ್ಲಿದ್ದ ಪೊಲೀಸಿನವನು ಎರಡು ಸಲ ಹೇಳಿಸಿ, ನನ್ನ ಕಿವಿಗೆ ಬಗ್ಗಿ ಹೇಳಿದ: "ಅಯ್ಯನೋರ, ನೀವ ದೂರು ಕೊಟ್ರಿ. ಅವ ತಪ್ಪು ನಂದು ಅಂತ ಬರದಾನ, ಮೂರು ಸಲ ಕೇಳಿದ್ರೂ ಅದನ್ನ ಹೇಳ್ಯಾನ. ಈಗ ನೀವು ಬಂದು ವಿಭೂತಿ ಅಂತೀರಿ. ವಿಭೂತಿ ಮ್ಯಾಲೆ ಯಾವ ಕೇಸ್ ಹಾಕಲ್ರಿ ನಾನು?" ಹಿಂದೆ ಕೂತವರು ನಕ್ಕರು. ಸದ್ದು ಕೇಳಿಸಲಿಲ್ಲ, ಮುಖಗಳು ಕಂಡವು. ಕಾಗದ ಕೋರ್ಟಿಗೆ ಹೋಗಿದೆಯಂತೆ. ಬರೆದು ಉತ್ತರಿಸು ಎಂದು ನಿನ್ನನ್ನು ಪೀಡಿಸಿದವನು ನಾನು. ಬರೆದದ್ದು ಉಳಿಯಿತು.

ಅಲ್ಲಿಂದ ಯಶವಂತನಗರಕ್ಕೆ ಹೋದೆ. ಶಟರ್ ಇಳಿದಿತ್ತು, ಕೆಂಪು ದೂಳು ಒಂದು ಪದರ ಕೂತಿತ್ತು. ಕಂಪನಿಯ ಬಸ್ಸುಗಳು ಹೋಗುತ್ತ ಬರುತ್ತ ಇದ್ದವು, ಗಂಗಾ ಕೂಗಿದ್ದು ನನಗೆ ಕೇಳಿಸಲಿಲ್ಲ. ಅವಳು ಒಳಗೆ ಹೋಗಿ ಒಂದು ಚಾಕ್ ತಂದು ಶಟರ್ ಮೇಲೆ ಬರೆದಳು: ಅವರು ಮಾತು ಬದಲ್ಸಲ್ಲ. ನೀವು ಊರಿಗೆ ಹೋಗ್ರಿ. ನಾನು ಓದಿದ ಮೇಲೆ ಸೆರಗಿನಿಂದ ಒರೆಸಿದಳು. ದೂಳಿನಲ್ಲಿ ಅಕ್ಷರ ಹಾಗೇ ಕಾಣುತ್ತಿತ್ತು. ನನಗೆ ಒಂದು ಲೋಟ ನೀರು ಕೊಟ್ಟಳು, ಕೂರು ಅನ್ನಲಿಲ್ಲ. ಅವಳ ತಪ್ಪಿಲ್ಲ.

ನನ್ನ ಮೂರು ಪ್ರಶ್ನೆಗೆ ನಾನೇ ಉತ್ತರ ಬರೆಯುತ್ತೇನೆ. ಟಾಕಾ ಹಾಕಿದವನು ಎರ್ರೆಪ್ಪ, ಒಂದು ಗೆರೆ ಎಳೆದು ಹೋದ, ಅವನದು ಸರಿ. ಆಗಿದೆ ಎಂದು ಒಪ್ಪಿದವನು ನೀನು, ಯಾಕೆಂದರೆ ಗೆರೆಯನ್ನು ನಂಬು ಎಂದು ಹದಿನೇಳನೆಯ ವಯಸ್ಸಿನಲ್ಲಿ ನಿನಗೆ ಕಲಿಸಿದ್ದೆ. ಮೂರನೆಯದಕ್ಕೆ ಹೆಸರು ಬರೆಯುವ ಬದಲು ಈ ಹಾಳೆಯ ಕೊನೆಗೆ ವಿಭೂತಿಯಲ್ಲಿ ಮೂರು ಬೆರಳು ಎಳೆಯುತ್ತೇನೆ. ಪೈಪಿನ ಪಕ್ಕ ಇಟ್ಟರೆ ಯಾರಿಗಾದರೂ ತಿಳಿಯುತ್ತದೆ. ಕೋರ್ಟಿನಲ್ಲಿ ತೋರಿಸು. ನೀನು ತೋರಿಸುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಒಂದು ಹಾಳೆಯ ಮೇಲೆ ಎಳೆದು ನೋಡಿದೆ. ಒಣಗಿದ ಮೇಲೆ ಮಡಿಚಿದರೆ ಉದುರುತ್ತದೆ. ಕಬ್ಬಿಣದ ಮೇಲೆ ಐದು ತಿಂಗಳು ನಿಂತದ್ದು ಕಾಗದದ ಮೇಲೆ ಒಂದು ದಿನ ನಿಲ್ಲುವುದಿಲ್ಲ. ನೀನು ಇದನ್ನು ಬಿಚ್ಚುವ ಹೊತ್ತಿಗೆ ಕೆಳಗೆ ಏನೂ ಕಾಣದಿದ್ದರೆ, ಮಡಿಕೆಯಲ್ಲಿರುವ ಪುಡಿಯೇ ನನ್ನ ಸಹಿ.

ಇಂತಿ